ಮಂಡಕ್ಕಿ ಹಾಕೋ ಹಂಗಿಲ್ಲ

ಅಮ್ಮ ಕ್ಯಾಲಿಫೋರ್ನಿಯಾದ ಮಾಂಟೆರಿಗೆ ಹೊರಡುವಾಗ ಬ್ಯಾಗಲ್ಲಿ ಒಂದು ಪೊಟ್ಟಣ ಮಂಡಕ್ಕಿ ಹಾಕ್ಕೊಂಡಿದ್ದು ನಂಗೆ ಗೊತ್ತೇ ಇರ್ಲಿಲ್ಲ. ನಮ್ಮನೆಯಿಂದ ಅಲ್ಲಿಗೆ ಹೆಚ್ಚುಕಮ್ಮಿ ಒಂದೂವರೆ ಗಂಟೆ ಡ್ರೈವು, ದಾರಿಯುದ್ದಕ್ಕೂ ಹಿಂದಿನ ಸೀಟಲ್ಲಿ ಏನೋ ಪರಪರ ಅಂತಿತ್ತು, ಬಿಪಿ ಮಾತ್ರೆ ಕವರ್ ಇರ್ಬೇಕು ಅಂದ್ಕೊಂಡೆ. ತಪ್ಪು ನಂದೇ. ಹಿಂದಿನ ರಾತ್ರಿ "ನಾಳೆ ಮೀನು ನೋಡೋಕೆ ಹೋಗೋಣ" ಅಂತ ಹೇಳಿದ್ದೆ. ಶೃಂಗೇರಿ ಕಡೆ ಹುಟ್ಟಿ ಬೆಳೆದೋರಿಗೆ ಮೀನು ನೋಡೋಕೆ ಬರೀ ಕೈಯಲ್ಲಿ ಹೋಗೋದು ಅಂತ ಒಂದು ಉಂಟಾ?

ಮಾಂಟೆರಿ ಬೇ ಅಕ್ವೇರಿಯಂ ಒಳಗೆ ತೊರಕೆ ಮೀನುಗಳಿರೋ ಒಂದು ತಗ್ಗಿನ ಕೊಳ ಇದೆ, ಕೈ ಅದ್ದಿ ಮೆತ್ತಗೆ ಮುಟ್ಟಬಹುದು. ಅಮ್ಮ ಮುಟ್ಟಲಿಲ್ಲ. ಮುಟ್ಟಿದ ಕೈ ಆಮೇಲೆ ಎಲ್ಲಿ ತೊಳೆಯೋದು ಅನ್ನೋ ಚಿಂತೆ ಇರ್ಬೇಕು. ಬದಲಿಗೆ ಬ್ಯಾಗಿನ ಜಿಪ್ಪು ಎಳೆದ ಸದ್ದು ಕೇಳಿಸ್ತು, ನಾನು ತಿರುಗೋದ್ರೊಳಗೆ ಮುಷ್ಟಿ ತುಂಬಿ ಆಗಿತ್ತು. ಕೊಳದ ಪಕ್ಕ ನಿಂತಿದ್ದ ವಾಲಂಟಿಯರ್, ಅಮ್ಮನಿಗಿಂತ ಎರಡು ಮೂರು ವರ್ಷ ದೊಡ್ಡೋರೇ ಇರ್ಬೇಕು, ತಲೆ ತುಂಬ ಬಿಳಿ ಕೂದಲು, ಒಂದು ಮಾತೂ ಆಡದೆ ನಗ್ತಾನೇ ತನ್ನ ಅಂಗೈಯನ್ನ ನೀರಿನ ಮೇಲೆ ಅಗಲ ಮಾಡಿ ಹಿಡಿದ್ರು. ಪಂಕ್ತೀಲಿ ಕೂತಾಗ ಸಾಕು ಸಾಕು ಅಂತ ಎಲೆಗೆ ಕೈ ಅಡ್ಡ ಇಡ್ತೀವಲ್ಲ, ಥೇಟ್ ಹಂಗೆ. ಅಮ್ಮನಿಗೆ ಇಂಗ್ಲಿಷ್ ಬೇಕಾಗ್ಲಿಲ್ಲ.

ಆಮೇಲೆ ಅವರು ನನ್ನ ಕಡೆ ತಿರುಗಿ, ಇವತ್ತಿಂದು ಇವಕ್ಕೆ ಊಟ ಆಗಿದೆ, ಎಷ್ಟು ತಿಂದಿವೆ ಅಂತ ಬರೆದೂ ಆಗಿದೆ ಅಂದ್ರು. ನಾನು ಅದನ್ನ ಕನ್ನಡದಲ್ಲಿ ಹೇಳಿದೆ. ಅಮ್ಮ "ಊಟ ಆದ್ಮೇಲೂ ಒಂದು ಬಾಯಿ ತಿಂದ್ರೆ ಎಂತ ಆಗ್ತದೆ, ಕೇಳು ಅವ್ರನ್ನ" ಅಂದ್ಲು. ನಾನು ಕೇಳಲಿಲ್ಲ. "ಥ್ಯಾಂಕ್ಯೂ ಅಂತಿದಾರೆ ನಮ್ಮಮ್ಮ" ಅಂದುಬಿಟ್ಟೆ. ಕಾರ್ ಹತ್ತಿದ ಮೇಲೆ ಶುರುವಾಯ್ತು ನೋಡಿ, "ಎಂತ ಮಾರಾಯ, ಒಬ್ಬೊಬ್ಬರಿಗೆ 60 ಡಾಲರ್ ಮೇಲೆ ಕೊಟ್ಟು ಬಂದು ಒಂದು ಮೀನಿಗೂ ಒಂದು ಕಾಳು ಹಾಕೋ ಹಂಗಿಲ್ಯಾ? ನೋಡಿ ಬರೋದೊಂದೇನಾ?"

ಆ ಮಾತು ತಲೇಲಿ ಕೂತುಬಿಡ್ತು. ಯಾಕಂದ್ರೆ ಅಮ್ಮ ಕೇಳಿದ್ದು ಸರಿ ಇದೆ ಅಂತ ಒಳಗಿನ ಒಬ್ಬ ಹೇಳ್ತಿದ್ದ, ಇನ್ನೊಬ್ಬನಿಗೆ ನಾಚಿಕೆ ಆಗ್ತಿತ್ತು, ಹನ್ನೆರಡು ವರ್ಷ ಈ ದೇಶದಲ್ಲಿ ಇದ್ದು ಇಬ್ಬರೂ ಒಂದೇ ಕಾರಲ್ಲಿ ಓಡಾಡ್ತಿದ್ದಾರೆ.

ನಾನು ಚಿಕ್ಕವನಿದ್ದಾಗ ಶೃಂಗೇರಿಗೆ ಹೋದ್ರೆ ಮೊದಲು ಅಮ್ಮನವರ ದರ್ಶನ, ಆಮೇಲೆ ಮೆಟ್ಟಿಲಿಳಿದು ತುಂಗೆ. ಊಟಕ್ಕೆ ಮುಂಚೆ ಕಪ್ಪೆ ಶಂಕರನ ಹತ್ತಿರ ಒಂದು ಸುತ್ತು, ಮಿಕ್ಕಿದ ಟೈಮೆಲ್ಲ ಮೀನಿಗೆ. ಮಂಡಕ್ಕಿ ಎಸೆದ ತಕ್ಷಣ ನೀರು ಕುದಿ ಬಂದಂಗೆ ಆಗೋದು, ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ಬಾಯಿ ಬಿಟ್ಟು ನಿಲ್ಲೋವು, ಅದರ ಬಾಯೊಳಗಿನ ಬಿಳಿ ಕೂಡ ಕಾಣೋದು. ಅಪ್ಪ "ಸಾಕು ಬಾ, ಬಸ್ಸು ಹೋಗ್ತದೆ" ಅನ್ನೋವರೆಗೂ ಹಾಕೋದೇ. ಪ್ರಾಣಿ ಕಂಡ್ರೆ ಪ್ರೀತಿ ತೋರಿಸೋಕೆ ನಂಗೆ ಗೊತ್ತಿದ್ದ ದಾರಿ ಅದೊಂದೇ. ನಾಯಿಗೆ ಬಿಸ್ಕತ್ತು, ಹಸುವಿಗೆ ಬಾಳೆಹಣ್ಣಿನ ಸಿಪ್ಪೆ, ಆಗುಂಬೆ ಘಾಟಿ ತಿರುವಲ್ಲಿ ಮಂಗಕ್ಕೆ ಕಡಲೆಕಾಯಿ, ನೆಂಟರಿಗೆ ಇನ್ನೊಂದು ಹೋಳಿಗೆ.

ಒಂದ್ಸಲ ಮನೆ ಹಿಂದಿನ ಹಳ್ಳದಲ್ಲಿ ಪಂಚೆ ಹಿಡಿದು ನಾಲ್ಕು ಮರಿ ಮೀನು ಹಿಡಿದು ಹಾರ್ಲಿಕ್ಸ್ ಬಾಟ್ಲಿಗೆ ಬಿಟ್ಟಿದ್ದೆ. ಹಸಿವಾಗುತ್ತೆ ಅಂತ ಅನ್ನದ ಅಗುಳು, ಸಂಜೆ ಮತ್ತೆ ಅಗುಳು, ರಾತ್ರಿ ಮಲಗೋಕೆ ಮುಂಚೆ ಒಂದು ಚೂರು ರೊಟ್ಟಿ. ಬೆಳಗ್ಗೆ ನೀರು ಗಂಜಿ ಥರ ಆಗಿತ್ತು. ಎರಡನೇ ದಿನಕ್ಕೆ ನಾಲ್ಕೂ ಮಗುಚಿ ಬಿದ್ದಿದ್ವು. ಪಾಪ ಊಟ ಸಾಲಲಿಲ್ಲ ಅಂತ ಅಜ್ಜಿ ಅಂದ್ಲು, ನಾನೂ ನಂಬಿದೆ, ಎಷ್ಟೋ ವರ್ಷ ಹಂಗೇ ನಂಬಿದ್ದೆ. ಸತ್ತಿದ್ದು ಊಟದಿಂದಾನೇ ಅಂತ ಗೊತ್ತಾಗೋಕೆ ಕ್ಯಾಲಿಫೋರ್ನಿಯಾಕ್ಕೆ ಬರಬೇಕಾಯ್ತು.

ಅಮ್ಮನ ಜೊತೆ ಹೋಗೋಕೆ ಎರಡು ವರ್ಷ ಮುಂಚೆ ಮಗಳ ಹಠಕ್ಕೆ ಅದೇ ಅಕ್ವೇರಿಯಂನ ಹಿಂಬದಿ ತೋರಿಸೋ ಟೂರಿಗೆ ಹೋಗಿದ್ದೆ. ಮುಂದೆ ಇರೋದೆಲ್ಲ ನೀಲಿ ಲೈಟು, ಮೆತ್ತಗಿನ ಮ್ಯೂಸಿಕ್ಕು, ಜನ ಫೋನ್ ಎತ್ತಿ ನಿಂತಿರ್ತಾರೆ. ಒಂದು ಬಾಗಿಲು ದಾಟಿದ್ರೆ ಸಿಮೆಂಟ್ ನೆಲ, ಒದ್ದೆ, ಗೋಡೆ ತುಂಬ ಪೈಪು, ಬಕೆಟ್ಟು, ಗಮ್ ಬೂಟು, ಪಂಪಿನ ಗುಂಯ್‌ಗುಡೋ ಸದ್ದು, ಮೂಗಿಗೆ ಮಲ್ಪೆ ಬಂದರು. ಮೊದಲು ಅದು ಸಾರ್ಡೀನ್ ಮೀನು ಡಬ್ಬಿಗೆ ತುಂಬೋ ಫ್ಯಾಕ್ಟರಿಯಾಗಿತ್ತಂತೆ, ಮೀನೆಲ್ಲ ಖಾಲಿ ಆಗಿ ಫ್ಯಾಕ್ಟರಿಗಳು ಒಂದೊಂದಾಗಿ ಮುಚ್ಚಿದ ಮೇಲೆ, ಎಚ್‌ಪಿ ಕಂಪನಿಯ ಪ್ಯಾಕರ್ಡ್ ಕುಟುಂಬದ ದುಡ್ಡಲ್ಲಿ 1984ರಲ್ಲಿ ಅಕ್ವೇರಿಯಂ ಶುರುವಾಯ್ತು. ಮೀನು ಕತ್ತರಿಸ್ತಿದ್ದ ಜಾಗದಲ್ಲಿ ಈಗ ಮೀನು ಸಾಕ್ತಾರೆ, ಅದಕ್ಕೂ ಮೀನೇ ಕತ್ತರಿಸ್ತಾರೆ ಅನ್ನಿ, ಆ ಮಾತು ಬೇರೆ.

ನಂಗೆ ಇಷ್ಟ ಆಗಿದ್ದು ಕೆಲ್ಪ್ ತೊಟ್ಟಿಯ ತಲೆ ಮೇಲೆ ನಿಂತಿದ್ದು. ಕೆಲ್ಪ್ ಅಂದ್ರೆ ಸಮುದ್ರದೊಳಗಿನ ಕಂದು ಪಾಚಿ, ಅಡಿಕೆ ಮರದಂಗೆ ಉದ್ದುದ್ದ ಬೆಳೆಯುತ್ತೆ. ಕೆಳಗಿಂದ ಜನ ನೋಡೋದು 28 ಅಡಿ ಎತ್ತರದ ಗಾಜು, ಒಳಗೆ ಸುಮಾರು 13 ಲಕ್ಷ ಲೀಟರ್ ನೀರು. ಮೇಲೆ ನೋಡಿದ್ರೆ ಚಾವಣಿನೇ ಇಲ್ಲ, ಆಕಾಶ. ಬಿಸಿಲು ಬೀಳದಿದ್ರೆ ಕೆಲ್ಪ್ ಬದುಕಲ್ಲ, ನೀರು ಅಲ್ಲಾಡದಿದ್ರೂ ಬದುಕಲ್ಲ, ಅದಕ್ಕೇ ಒಂದು ಮೆಷಿನ್ ಇಡೀ ದಿನ ನೀರನ್ನ ಉಸಿರಾಡಿದಂಗೆ ಒತ್ತಿ ಬಿಡ್ತಾ ಇರುತ್ತೆ. ದಿನಕ್ಕೆ ನಾಲ್ಕು ಇಂಚು ಬೆಳೆಯೋದರಿಂದ ಡೈವರ್‌ಗಳು ಒಳಗಿಳಿದು ಕತ್ತರೀಲಿ ಕ್ಷೌರ ಮಾಡ್ತಿರಬೇಕು. ನೀರು ಎದುರಿನ ಕೊಲ್ಲಿಯದೇ, ಪಂಪಲ್ಲಿ ಎಳೆಯೋದು. ಹಗಲು ಜನಕ್ಕೆ ಕಾಣಲಿ ಅಂತ ಫಿಲ್ಟರ್ ಮಾಡ್ತಾರೆ, ಜನ ಮನೆಗೆ ಹೋದ ಮೇಲೆ ರಾತ್ರಿ ಫಿಲ್ಟರ್ ಇಲ್ಲದೆ ಸಮುದ್ರದ ನೀರು ಹಾಗೇ ಬಿಡ್ತಾರೆ. ಕಣ್ಣಿಗೆ ಕಾಣದ ಮರಿಗಳು, ಬೀಜಗಳು, ಸಣ್ಣ ಸಣ್ಣ ಜೀವಗಳು ಅದರ ಜೊತೆ ಬಂದು ಬಂಡೆಗೆ ಅಂಟ್ಕೊಂಡು ಬೆಳೆಯುತ್ತವೆ, ಕೆಲವಕ್ಕೆ ಅದೇ ರಾತ್ರಿ ಊಟ. ಯಾರೂ ತಂದು ಬಿಡದೆ ತಾವಾಗೇ ಸೇರಿಕೊಂಡ ಜೀವಗಳೇ ಅಲ್ಲಿ ಲೆಕ್ಕವಿಲ್ಲದಷ್ಟು ಅಂತೆ. ಟಿಕೆಟ್ ಇಲ್ದೆ ನುಗ್ಗಿದ ಬಂಧುಗಳು ಅಂದ್ಲು ನನ್ನಾಕೆ.

ಅಲ್ಲಿ ಊಟದ ಲೆಕ್ಕ ನೋಡಿ ನಂಗೆ ತಲೆ ತಿರುಗ್ತು. ಸ್ಟೀಲ್ ಟೇಬಲ್ಲು, ಅದರ ಮೇಲೆ ತೂಕದ ಯಂತ್ರ, ಒಂದೊಂದು ಡಬ್ಬಿಗೂ ಹೆಸರಿನ ಚೀಟಿ. ಸ್ಕ್ವಿಡ್ ಎಷ್ಟು ಗ್ರಾಂ, ಸೀಗಡಿ ಎಷ್ಟು, ಯಾವ ತುಂಡಿನ ಹೊಟ್ಟೇಲಿ ವಿಟಮಿನ್ ಮಾತ್ರೆ ತುರುಕಿದೆ, ಯಾರು ತಿಂದ್ರು, ಯಾರು ಬಿಟ್ರು. ಫ್ರೀಜರಲ್ಲಿಟ್ಟ ಮೀನಲ್ಲಿ ಕೆಲವು ವಿಟಮಿನ್ ಹಾಳಾಗುತ್ತೆ, ಅದಕ್ಕೇ ಮಾತ್ರೆ. ಒಂದು ಪ್ರಾಣಿ ಎರಡು ದಿನ ಊಟ ಬಿಟ್ರೆ ಅದೇ ಮೊದಲ ಕಾಯಿಲೆ ಲಕ್ಷಣ, ಮೀನು ಹೊಟ್ಟೆ ನೋವು ಅಂತ ಬಾಯಿಬಿಟ್ಟು ಹೇಳಲ್ವಲ್ಲ. ಪ್ರತಿಯೊಬ್ಬರೂ ಬಂದವರು ಒಂದೊಂದು ಮುಷ್ಟಿ ಹಾಕ್ತಾ ಹೋದ್ರೆ ಯಾರು ಹಸಿದಿದಾರೆ, ಯಾರಿಗೆ ಹುಷಾರಿಲ್ಲ, ಗೊತ್ತಾಗೋದು ಹೆಂಗೆ? ಸನ್‌ಫಿಶ್ ಅಂತ ಒಂದಿದೆ, ಗಾಣದ ಚಕ್ರಕ್ಕೆ ಎರಡು ರೆಕ್ಕೆ ಸಿಗಿಸಿದಂಗೆ ಇರುತ್ತೆ, ನಿಧಾನ ಅಂದ್ರೆ ನಿಧಾನ. ಅದೇ ತೊಟ್ಟೀಲಿ ಟ್ಯೂನಾ ಮೀನು ಬಾಣದಂಗೆ ಓಡಾಡ್ತಿರುತ್ತೆ. ಎಲ್ಲರಿಗೂ ಒಟ್ಟಿಗೆ ಸುರಿದ್ರೆ ಸನ್‌ಫಿಶ್ ಉಪವಾಸವೇ. ಅದಕ್ಕೆ ಅದರದ್ದೇ ಒಂದು ಗುರುತಿನ ಕೋಲು, ಅದು ಕಂಡ್ರೆ ಮಾತ್ರ ತನ್ನ ಪಾಲು ಅಂತ ಕಲಿಸಿದಾರೆ, ಮೆಲ್ಲಗೆ ಮೇಲೆ ಬಂದು ಕೋಲಿನ ತುದೀಲಿರೋದನ್ನ ತಿಂದು ಹೋಗುತ್ತೆ. ಮದುವೆ ಮನೇಲಿ ಮೂಲೆಯಲ್ಲಿ ಕೂತ ಅಜ್ಜನಿಗೆ ಬೇರೆ ಎಲೆ ಹಾಕಿ ಬಡಿಸಿದಂಗೆ.

ಅಮೋನಿಯಾ ವಿಚಾರ ನಂಗೆ ಬಿಡಿಸಿ ಹೇಳಿದ್ದು ಆ ಟೂರಿನ ಹುಡುಗಿ. ಮೀನು ತಿಂದು ಬಿಟ್ಟಿದ್ದು, ಅದರ ಹೊಲಸು ಎರಡೂ ನೀರಲ್ಲಿ ಕೊಳೆತು ಅಮೋನಿಯಾ ಆಗುತ್ತೆ, ಫಿಲ್ಟರಲ್ಲಿ ಮನೆ ಮಾಡಿರೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿದು ಅದನ್ನ ನೈಟ್ರೇಟ್ ಮಾಡುತ್ತೆ, ಆಮೇಲೆ ಅಷ್ಟು ಅಪಾಯ ಇಲ್ಲ. ಆ ಬ್ಯಾಕ್ಟೀರಿಯಾ ಬೆಳೆಯೋಕೇ ವಾರಗಟ್ಟಲೆ ಬೇಕು. ಹಾರ್ಲಿಕ್ಸ್ ಬಾಟ್ಲೀಲಿ ಅದೆಲ್ಲಿ ಬರಬೇಕು. "ಸೋ ಮೋಸ್ಟ್ ಪೆಟ್ ಫಿಶ್ ಆರ್ ಕಿಲ್ಡ್ ಬೈ ಕೈಂಡ್‌ನೆಸ್" ಅಂತ ಏನೋ ನಗ್ತಾ ಅಂದ್ಲು, ನಾನು ಆ ನಾಲ್ಕು ಮರಿಗಳ ಬಗ್ಗೆ ಅವಳಿಗೆ ಹೇಳ್ಲಿಲ್ಲ.

ಇನ್ನು ನೀರುನಾಯಿ. ಇದರ ಬಗ್ಗೆ ಬರೆಯೋಕೇ ಕೂತಿದ್ದು ನಿಜ ಹೇಳ್ಬೇಕಂದ್ರೆ.

ಅಲ್ಲಿನ ಸಮುದ್ರದ ನೀರುನಾಯಿಗೆ ತಿಮಿಂಗಿಲ, ಸೀಲ್‌ಗಳಿಗಿರೋ ಹಂಗೆ ಚರ್ಮದ ಕೆಳಗೆ ಕೊಬ್ಬಿನ ಪದರ ಇಲ್ಲ, ಚಳಿ ನೀರಲ್ಲಿ ಬದುಕೋದು ಬರೀ ಕೂದಲಿನ ಮೇಲೆ, ಒಂದು ಚದರ ಇಂಚಿಗೆ ಹತ್ತು ಲಕ್ಷದವರೆಗೂ ಕೂದಲು. ಮೈ ಬೆಚ್ಚಗಿಡೋಕೆ ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ನುತ್ತೆ, ಇಪ್ಪತ್ತು ಕೆಜಿ ಇದ್ರೆ ಐದು ಕೆಜಿ ಊಟ. ಆ ತುಪ್ಪಳಕ್ಕೇ ಜನ ಬೇಟೆ ಆಡಿ ಆಡಿ, ಕ್ಯಾಲಿಫೋರ್ನಿಯಾದಲ್ಲಿ ಒಂದೂ ಉಳಿದಿಲ್ಲ ಅಂತ ಎಲ್ಲ ಅಂದ್ಕೊಂಡಿದ್ದಾಗ 1938ರಲ್ಲಿ ಬಿಗ್ ಸರ್ ಅನ್ನೋ ಕರಾವಳಿ ಹತ್ರ ಒಂದು ಸಣ್ಣ ಗುಂಪು ಕಾಣಿಸ್ತಂತೆ. ಈಗಿರೋ ಹೆಚ್ಚುಕಮ್ಮಿ ಮೂರು ಸಾವಿರ ಅವುಗಳ ಮೊಮ್ಮಕ್ಕಳೇ.

ಬಿರುಗಾಳಿಗೆ ತಾಯಿ ಕಳ್ಕೊಂಡ ಮರಿಗಳು ದಡಕ್ಕೆ ಬಂದು ಬೀಳುತ್ತವೆ, ಚೀರುತ್ತವೆ, ಆ ಚೀರಾಟ ಕೇಳಿದ್ರೆ ಕೂಸಿನ ಅಳು ಅನ್ಬೇಕು. ಮೊದಲು ಅಕ್ವೇರಿಯಂನೋರು ತಾವೇ ಬಾಟ್ಲಿ ಹಾಲು ಕುಡಿಸಿ, ಎದೆ ಮೇಲೆ ಹಾಕ್ಕೊಂಡು ಕೂದಲು ಬಾಚಿ, ಜೊತೆಗೆ ಸಮುದ್ರಕ್ಕಿಳಿದು ಈಜು ಕಲಿಸ್ತಿದ್ರು. ನಮ್ಮಮ್ಮ ಆಗಿದ್ರೂ ಹಂಗೇ ಮಾಡ್ತಿದ್ಲು. ಆದ್ರೆ ದೊಡ್ಡದಾಗಿ ಬಿಟ್ಟ ಮೇಲೆ ಅವು ಮನುಷ್ಯರನ್ನ ಹುಡುಕ್ಕೊಂಡು ದೋಣಿ ಹತ್ರ, ಈಜೋರ ಹತ್ರ ಬರೋಕೆ ಶುರು ಮಾಡಿದ್ವು. ಹಲ್ಲು ಚಿಪ್ಪು ಒಡೆಯೋ ಅಂಥದ್ದು, ಕಚ್ಚಿದ್ರೆ ಮೂಳೆ. 2001ರಲ್ಲಿ ಟೂಲಾ ಅನ್ನೋ ಹೆಣ್ಣು ನೀರುನಾಯಿ ಸತ್ತ ಮರಿ ಹೆತ್ತಿದ್ದಾಗ ಒಂದು ಅನಾಥ ಮರಿನ ಅದರ ಹತ್ರ ಬಿಟ್ಟು ನೋಡಿದ್ರಂತೆ. ಎತ್ತಿ ಹೊಟ್ಟೆ ಮೇಲೆ ಮಲಗಿಸ್ಕೊಂಡ್ಲು. ಟೂಲಾಗೆ ಫಿಟ್ಸ್ ಕಾಯಿಲೆ, ಬೆಕ್ಕಿನ ಹೇಲಿಂದ ಮಳೆ ನೀರಲ್ಲಿ ಹರಿದು ಸಮುದ್ರ ಸೇರೋ ಒಂದು ಪರಾವಲಂಬಿಯಿಂದ ಬಂದಿದ್ದು, ದಿನಾ ಔಷಧಿ ಬೇಕು, ಅದಕ್ಕೆ ವಾಪಸ್ ಸಮುದ್ರಕ್ಕೆ ಬಿಡೋ ಹಂಗಿರ್ಲಿಲ್ಲ. ಹಂಗೆ ಸಾಕುತಾಯಿ ಪದ್ಧತಿ ಶುರುವಾಗಿದ್ದು.

ಈಗ ಜನ ಮರಿ ಹತ್ರ ಹೋಗಲೇಬೇಕು ಅಂದ್ರೆ ಮೈ ತುಂಬ ಕರಿ ಗೌನು, ಕೈಗೆ ಗ್ಲೌಸು, ಮುಖಕ್ಕೆ ವೆಲ್ಡಿಂಗ್ ಮಾಡೋರ ಮುಖವಾಡ. ಮಾತಿಲ್ಲ. ಆ ಜಾಗಕ್ಕೆ ನಮ್ಮಂಥೋರನ್ನ ಬಿಡಲ್ಲ, ವೀಡಿಯೋದಲ್ಲಿ ನೋಡಿದ್ದು, ಅಮ್ಮನಿಗೂ ಮನೆಗೆ ಬಂದ ಮೇಲೆ ಟೀವೀಲಿ ಹಾಕಿ ತೋರಿಸಿದೆ. ಕರಿ ಮುಸುಕಿನ ಆಕೃತಿ ಒಂದು ಬಂದು ಬಾಟ್ಲಿ ಕುಡಿಸ್ತಾ ಕೂತಿದೆ, ಆ ಮರಿ ಹಾಲು ಕುಡೀತಾ ಮುಖವಾಡದ ಕಡೆ ನೋಡ್ತಿದೆ. ಅಮ್ಮ "ಅಯ್ಯೋ, ಕೂಸಿಗೆ ಮುಖ ಆದ್ರೂ ತೋರ್ಸಬಾರ್ದಾ" ಅಂದ್ಲು. ನಾನು ಯಾಕೆ ಅಂತ ಹೇಳಿದೆ, ಮನುಷ್ಯರು ಒಳ್ಳೆಯವರು ಅಂತ ಅದು ಕಲಿಯಬಾರ್ದು, ಕಲಿತ್ರೆ ಸಾಯುತ್ತೆ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದು ಅಮ್ಮ ಅಂದ್ಲು, "ಓ, ಮಡಿ."

ನಂಗೆ ಅದು ಹೊಳೆದೇ ಇರ್ಲಿಲ್ಲ. ಮುಟ್ಟಬೇಡ, ದೂರ ನಿಲ್ಲು, ಬೇರೆ ಬಟ್ಟೆ ಉಟ್ಕೊ. ನಮ್ಮನೇಲಿ ಅಜ್ಜಿ ಒದ್ದೆ ಸೀರೇಲಿ ಅಡುಗೆ ಮನೆ ಬಾಗಿಲಲ್ಲಿ ನಿಂತು ಮಕ್ಕಳನ್ನ ಓಡಿಸ್ತಿದ್ದಿದ್ದು ನೆನಪಾಯ್ತು. ಆದ್ರೆ ನಮ್ಮ ಮಡಿ ಎದುರಿನೋರಿಂದ ತನ್ನನ್ನ ಕಾಪಾಡಿಕೊಳ್ಳೋಕೆ, ಮನುಷ್ಯರನ್ನೇ ಅಂಗಳದಾಚೆ ನಿಲ್ಲಿಸೋಕೆ ಅದನ್ನ ಬಳಸಿದ್ವಿ, ಅದೇನು ಹೆಮ್ಮೆ ಪಡೋ ವಿಷಯ ಅಲ್ಲ. ಇಲ್ಲಿ ತಾನೇ ಮೈಲಿಗೆ ಅಂತ ಒಪ್ಪಿಕೊಂಡು ಎದುರಿನ ಜೀವವನ್ನ ತನ್ನಿಂದ ಕಾಪಾಡೋದು. ಇದನ್ನ ಅಮ್ಮನ ಹತ್ರ ಹೇಳಿದ್ರೆ ಜಗಳ ಆಗ್ತಿತ್ತು, ಹೇಳ್ಲಿಲ್ಲ, ಇಲ್ಲಿ ಬರೀತಿದೀನಿ.

ಹಂಗೆ ಸಾಕುತಾಯಂದಿರ ಹತ್ರ ಏಡಿ ಮುರಿಯೋದು, ಹೊಟ್ಟೆ ಮೇಲೆ ಕಲ್ಲಿಟ್ಟು ಚಿಪ್ಪು ಕುಟ್ಟೋದು ಕಲಿತ ಮರಿಗಳನ್ನ ಎಲ್ಕ್‌ಹಾರ್ನ್ ಸ್ಲೂ ಅನ್ನೋ ಹಿನ್ನೀರಲ್ಲಿ ಬಿಟ್ರು, 2002ರಿಂದ 2016ರವರೆಗೆ 37. ಆ ಅವಧೀಲಿ ಅಲ್ಲಿ ನೀರುನಾಯಿ ಸಂಖ್ಯೆ ಜಾಸ್ತಿ ಆಗಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಇವುಗಳು ಮತ್ತೆ ಇವುಗಳ ಸಂತಾನದಿಂದಾನೇ ಅಂತೆ. ಮಾಂಟೆರಿಗೆ ಹೋಗೋ ದಾರೀಲೇ ಸಿಗುತ್ತೆ, ಪವರ್ ಪ್ಲಾಂಟಿನ ಎರಡು ದೊಡ್ಡ ಚಿಮಣಿ ಕಂಡ ಕೂಡಲೇ ಸೇತುವೆ, ಕೆಳಗೆ ಅಂಗಾತ ಮಲ್ಕೊಂಡು ಮೀಸೆ ತಿಕ್ತಾ ತೇಲ್ತಿರ್ತವೆ.

ಈಗ ನಮ್ಮೂರಿನ ಕಡೆ ಬರೋಣ. ಹೋದ ವರ್ಷ ರಜಕ್ಕೆ ಬಂದಾಗ ಅಕ್ಕನ ಮಕ್ಕಳು ಎಳ್ಕೊಂಡು ಹೋದ್ರು, ಒಂದು ಮೈದಾನದಲ್ಲಿ ಶೀಟ್ ಹೊಡೆದು ಹಾಕಿದ್ದ ಟನಲ್ ಅಕ್ವೇರಿಯಂ. ಊರ ಹೆಸರು ಬೇಡ, ನಡೆಸ್ತಿದ್ದೋರ ಹೆಸರು ನಂಗೂ ಬೇಡ. ಒಳಗೆ ಸೆಖೆ, ಹಾಡು ಅಂದ್ರೆ ಎದೆ ನಡುಗೋ ಹಾಡು, ಮೀನಿಗೂ ಅದೇ ಹಾಡು. ಒಂದು ತೊಟ್ಟೀಲಿ ಮೈ ಮೇಲೆಲ್ಲ ರವೆ ಉದುರಿಸಿದಂಗೆ ಬಿಳಿ ಚುಕ್ಕೆ ಎದ್ದಿದ್ದ ಮೀನು ಕಲ್ಲಿಗೆ ಮೈ ಉಜ್ಜುತ್ತಾ ಇತ್ತು. ಅದು ಕಾಯಿಲೆ, ಅಂಟುರೋಗ. ಮಾಂಟೆರೀಲಾಗಿದ್ರೆ ಹೊಸದಾಗಿ ಬಂದ ಮೀನನ್ನ ವಾರಗಟ್ಟಲೆ ಬೇರೆ ತೊಟ್ಟೀಲಿಟ್ಟು ನೋಡಿ ಆಮೇಲೇ ಉಳಿದವರ ಜೊತೆ ಬಿಡೋದು. ಕೆಲಸದ ಹುಡುಗನಿಗೆ ತೋರಿಸಿದೆ, ಪಾಪ ಅವನು, ಹದಿನೆಂಟೋ ಹತ್ತೊಂಬತ್ತೋ, "ಡಿಸೈನ್ ಸಾರ್ ಅದು" ಅಂದ. ಒಬ್ಬ ಅಪ್ಪ ಮಗುವಿಗೆ ಮೀನು ತಿರುಗಿ ನೋಡ್ಲಿ ಅಂತ ಕಾರಿನ ಕೀಲಿ ಕೈಯಲ್ಲಿ ಗಾಜಿಗೆ ಟಣಟಣ ಬಡೀತಿದ್ದ. ನಾನು ಬೇಡ ಅಂದೆ. "ಗಾಜು ಗಟ್ಟಿ ಇದೆ ಬಿಡಿ ಸಾರ್" ಅಂದ. ಅವನು ಕಾಳಜಿ ವಹಿಸಿದ್ದು ಗಾಜಿಗೆ. ಇನ್ನೊಬ್ಬರು ಮೇಲಿಂದ ಕುರ್‌ಕುರೆ ಹಾಕ್ತಿದ್ರು, ಅದನ್ನ ಯಾರೂ ತಡೀಲಿಲ್ಲ, ಹಾಕಲಿ ಬಿಡಿ ಪುಣ್ಯ ಬರುತ್ತೆ ಅನ್ನೋ ಥರ ಎಲ್ಲ ನೋಡ್ತಿದ್ರು.

ಸಿಟ್ಟು ಬಂತು, ನಿಜ. ನಮ್ಮಲ್ಲಿ ಕೈ ಅಡ್ಡ ಇಟ್ಟರೂ ಬೆರಳ ಸಂದೀಲಿ ಪಾಯಸ ಸುರಿಯೋದೇ ಆದರ. ಬೇಡ ಅಂದವನಿಗೆ ಬಡಿಸಿದ್ರೆ ಬಡಿಸಿದವನಿಗೆ ಖುಷಿ, ತಿಂದವನ ಹೊಟ್ಟೆ ಏನಾಯ್ತು ಅಂತ ಕೇಳೋರಿಲ್ಲ. ಆಗುಂಬೆ ಮಂಗಗಳು ಇವತ್ತು ಕಾರಿನ ಕಿಟಕಿಗೆ ಕೈ ಹಾಕಿ ಕಿತ್ಕೊಳ್ತವೆ, ಅದನ್ನ ಹಂಗೆ ಮಾಡಿದ್ದು ನಮ್ಮಪ್ಪನ ಕಡಲೆಕಾಯಿ, ನಿಮ್ಮಪ್ಪನ ಬಾಳೆಹಣ್ಣು. ಆಮೇಲೆ ಮಂಗನ ಕಾಟ ಅಂತ ಪೇಪರಿಗೆ ಬರೆಯೋದೂ ನಾವೇ. ನಮ್ಮದೇ ನೀರುನಾಯಿ ನಮಗೆಷ್ಟು ಗೊತ್ತು? ಹಂಪಿ ಕಂಪ್ಲಿ ಕಡೆ ತುಂಗಭದ್ರೆಯ 34 ಕಿಲೋಮೀಟರ್ ಉದ್ದಕ್ಕೆ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಮಾಡಿದಾರೆ, ದೇಶದಲ್ಲೇ ಮೊದಲನೇದು. ನಾನು ಹುಟ್ಟಿದ್ದು ತುಂಗೆ ದಡದಲ್ಲಿ, ಅದೇ ನೀರು ಹರಿದು ಅಲ್ಲಿಗೆ ಹೋಗೋದು, ಇದು ನಂಗೆ ಗೊತ್ತಾಗಿದ್ದು ಮಾಂಟೆರೀಲಿ ನೀರುನಾಯಿ ನೋಡಿ ಬಂದು ಗೂಗಲ್ ಮಾಡಿದಾಗ. ಹೊಸಪೇಟೆ ಫ್ರೆಂಡಿಗೆ ಫೋನ್ ಮಾಡಿ ಕೇಳಿದ್ರೆ "ಹೌದೇನೋ? ಇಲ್ಲೇನೋ?" ಅಂದ.

ಇಷ್ಟು ಬರೆದು ಇಟ್ಟಿದ್ದೆ. ನನ್ನಾಕೆ ಓದಿ, "ಎಲ್ಲ ಸರಿ, 841ರ ಕಥೆ ಯಾಕೆ ಬರೀಲಿಲ್ಲ" ಅಂದ್ಲು. ಬೇಕಂತಲೇ ಬಿಟ್ಟಿದ್ದೆ, ಸಿಕ್ಕಿಬಿದ್ದೆ.

841 ಅಂದ್ರೆ ಮಾಂಟೆರಿ ಕೊಲ್ಲಿಯ ಆಚೆ ತುದೀಲಿರೋ ಸಾಂತಾ ಕ್ರೂಜ್ ಊರಿನ ಒಂದು ಹೆಣ್ಣು ನೀರುನಾಯಿ. ಅದರ ತಾಯಿನೂ ಜನ ಸಾಕಿ ಬಿಟ್ಟಿದ್ದೇ, ಬಿಟ್ಟ ಮೇಲೆ ಯಾರೋ ಸ್ಕ್ವಿಡ್ ತಿನ್ನಿಸಿ ತಿನ್ನಿಸಿ ಅದು ಜನರ ಹಿಂದೆ ಬಿದ್ದು, ವಾಪಸ್ ಹಿಡ್ಕೊಂಡು ಬಂದಾಗ ಹೊಟ್ಟೇಲಿತ್ತು ಈ ಮರಿ. ಇದನ್ನ ಮಾಂಟೆರಿಯೋರು ಮುಸುಕು, ಮುಖವಾಡ, ಎಲ್ಲ ಶಾಸ್ತ್ರ ಪಾಲಿಸಿ ಬೆಳೆಸಿ 2020ರಲ್ಲಿ ಬಿಟ್ರು. 2023ರ ಬೇಸಿಗೇಲಿ ನೋಡಿದ್ರೆ ಜನರ ಸರ್ಫ್‌ಬೋರ್ಡ್ ಹತ್ತಿ ಕೂತು, ಬೋರ್ಡಿನ ತುದಿ ಕಚ್ಚಿ ತಿಂದು, ಸವಾರನನ್ನೇ ನೀರಿಗೆ ಇಳಿಸ್ತಿತ್ತು. ಹಿಡಿಯೋಕೆ ಬಲೆ ತಂದ್ರು, ದೋಣಿ ತಂದ್ರು, ಕೈಗೆ ಸಿಗ್ಲಿಲ್ಲ. ಆ ಅಕ್ಟೋಬರಲ್ಲಿ ಎದೆ ಮೇಲೆ ಮರಿ ಇಟ್ಕೊಂಡು ತೇಲ್ತಿತ್ತು. ಅಷ್ಟು ಮಡಿ ಮಾಡಿಯೂ ಹಂಗಾಯ್ತು. ತಾಯಿಗೆ ಹಾಕಿದ ಸ್ಕ್ವಿಡ್ಡಿನ ಫಲವೋ ಏನೋ ಅಂತ ನಾನು ನನ್ನ ವಾದ ಉಳಿಸ್ಕೊಳ್ಳೋಕೆ ಹೇಳಬಹುದು, ಹೇಳ್ತಿದೀನಿ ಕೂಡ, ಆದ್ರೆ ಗೊತ್ತಿರೋರು ಯಾರೂ ಅಷ್ಟು ಗಟ್ಟಿಯಾಗಿ ಹೇಳಿಲ್ಲ.

ಇನ್ನೂ ಒಂದು ಇದೆ. ಇದೇ ಅಕ್ವೇರಿಯಂನೋರು 2004ರಿಂದ 2011ರವರೆಗೆ ಆರು ಮರಿ ಗ್ರೇಟ್ ವೈಟ್ ಶಾರ್ಕ್‌ಗಳನ್ನ ಒಂದಾದ ಮೇಲೊಂದು ಇಟ್ಕೊಂಡಿದ್ರು, ಮೊದಲನೇದು 198 ದಿನ ಇತ್ತು, ಜನ ಕ್ಯೂ ನಿಂತು ನೋಡಿದ್ರು. ಕೊನೇದನ್ನ 2011ರಲ್ಲಿ ಸಮುದ್ರಕ್ಕೆ ಬಿಟ್ಟ ಮೇಲೆ ಬೇಗನೇ ಸತ್ತು ಹೋಯ್ತು. ಆಮೇಲೆ ನಿಲ್ಲಿಸಿದ್ರು. ಗ್ರಾಂ ಲೆಕ್ಕ, ವಿಟಮಿನ್ ಮಾತ್ರೆ, ಗುರುತಿನ ಕೋಲು ಎಲ್ಲ ಇದ್ದೂ, ಗಾಜು ಗಾಜೇ.

ಹಂಗೆ ನೋಡಿದ್ರೆ ಶೃಂಗೇರಿ ಮೀನಿಗೆ ಪಂಪಿಲ್ಲ, ಫಿಲ್ಟರಿಲ್ಲ, ತೂಕದ ಯಂತ್ರ ಇಲ್ಲ, ಗಾಜೂ ಇಲ್ಲ. ನಾವು ಹಾಕಿದ ಮಂಡಕ್ಕಿ ತಿಂದು ಬೇಜಾರಾದ್ರೆ ಕೆಳಗಿನ ಮಡುವಿಗೆ ಹೋಗ್ತವೆ, ಮಳೆಗಾಲದಲ್ಲಿ ಮೆಟ್ಟಿಲೇ ಮುಳುಗುತ್ತೆ, ಆವಾಗ ನಾವಿಲ್ಲ, ಮಂಡಕ್ಕಿನೂ ಇಲ್ಲ, ಅವು ಇರ್ತವೆ. ಮೀನು ತಿನ್ನೋರೂ ಆ ಘಟ್ಟದಲ್ಲಿ ಗಾಳ ಹಾಕಲ್ಲ, ದೇವರ ಮೀನು ಅಂತ. ದಕ್ಷಿಣ ಕನ್ನಡದ ಶಿಶಿಲದ ಕಪಿಲಾ ನದೀಲೂ ಅಷ್ಟೇ, 1996ರಲ್ಲಿ ಯಾರೋ ವಿಷ ಹಾಕಿ ಮೀನುಗಳು ರಾಶಿ ರಾಶಿ ಸತ್ತಾಗ ಊರಿನೋರು ಸತ್ತ ಮೀನಿಗೆ ಸ್ಮಾರಕ ಕಟ್ಟಿದಾರೆ. ಮೀನಿಗೆ! ಇದನ್ನ ಆ ಟೂರಿನ ಹುಡುಗಿಗೆ ಹೇಳಬೇಕಿತ್ತು ನಾನು, ಹಾರ್ಲಿಕ್ಸ್ ಬಾಟ್ಲಿ ನಾಚಿಕೇಲಿ ಇದು ಬಾಯಿಗೆ ಬರ್ಲಿಲ್ಲ. ಒಂದು ರೂಪಾಯಿ ಟಿಕೆಟ್ ಇಲ್ದೆ, ಮುಖವಾಡ ಇಲ್ದೆ, ಮುಖ ತೋರಿಸ್ಕೊಂಡೇ ನೂರಾರು ವರ್ಷದಿಂದ ಒಂದು ಹೊಳೆಯ ಮೀನು ಉಳಿಸಿದಾರೆ ನಮ್ಮೋರು. ಅದು ಹೆಂಗೆ ಸಾಧ್ಯ ಆಯ್ತು ಅಂತ ಯೋಚನೆ ಮಾಡಿದ್ರೆ ನಂಗೆ ಈಗಲೂ ಆಶ್ಚರ್ಯ. ಹಂಗಂತ ಘಟ್ಟದಲ್ಲಿ ಮಂಡಕ್ಕಿ ಜೊತೆ ತೇಲೋ ಪ್ಲಾಸ್ಟಿಕ್ ಕವರ್ ನೋಡಿದ್ರೆ ಮತ್ತೆ ಸಿಟ್ಟು ಬರುತ್ತೆ, ಅದು ಬಿಡಲ್ಲ.

ಅಮ್ಮ ವಾಪಸ್ ಹೋಗಿ ಮೂರು ತಿಂಗಳಾಯ್ತು. ಹೋದ ಶುಕ್ರವಾರ ಇಲ್ಲಿ ರಾತ್ರಿ ಊಟ ಮಾಡಿ ಪಾತ್ರೆ ತೊಳೀತಿದ್ದೆ, ವಾಟ್ಸಾಪಲ್ಲಿ ವೀಡಿಯೋ ಕಾಲು. ಅಲ್ಲಿ ಶನಿವಾರ ಬೆಳಗ್ಗೆ, ಶೃಂಗೇರಿ ಮೆಟ್ಟಿಲ ಮೇಲೆ ಕೂತಿದಾಳೆ, ಫೋನ್ ಹಿಡಿದಿರೋದು ಅಕ್ಕನ ಮಗ. ಕ್ಯಾಮೆರಾ ತಿರುಗಿಸಿ ನೀರು ತೋರಿಸಿದ, ಅಮ್ಮನ ನೆರಳು ಬಿದ್ದ ಕಡೆಗೇ ಬಾಯಿಗಳು ಏಳ್ತಾ ಇದ್ವು, ಅದೇ ಒಳಗಿನ ಬಿಳಿ. ಅಮ್ಮನ ಮುಷ್ಟಿ ತುಂಬ ಮಂಡಕ್ಕಿ.

"ಹಾಕ್ಲಾ? ಇವತ್ತಿನ ಊಟ ಆಗಿದ್ಯಾ ಇವಕ್ಕೆ, ಬರೆದಿಟ್ಟಿದಾರಾ, ಕೇಳಿ ಹೇಳು" ಅಂದ್ಲು.

ನಾನು ಸೋಪಿನ ಕೈಯಲ್ಲಿ ಏನು ಹೇಳೋದು ಅಂತ ಗೊತ್ತಾಗದೆ ನಿಂತೆ. "ಒಂದೇ ಹಿಡಿ, ಅಮ್ಮ" ಅಂದೆ.

"ಹೆದರ್ಬೇಡ ಮಾರಾಯ" ಅಂತ ಅಮ್ಮ ಸೆರಗೆಳೆದು ಕಣ್ಣಷ್ಟೇ ಬಿಟ್ಟು ಮುಖ ಪೂರ್ತಿ ಮುಚ್ಕೊಂಡ್ಲು, ಆಮೇಲೆ ಎಸೆದ್ಲು. ಅಕ್ಕನ ಮಗ ನಕ್ಕು ನಕ್ಕು ಫೋನ್ ಅಲ್ಲಾಡಿ ನಂಗೆ ಮೀನು ಕಾಣಲೇ ಇಲ್ಲ, ನೀರು ಕುದ್ದ ಸದ್ದು ಮಾತ್ರ ಕೇಳಿಸ್ತು.